ಮೂವತ್ತೊಂದನೇ ಒಪ್ಪಿಗೆ

ಮುಂಡಗೋಡ
3 ಜೂನ್ 2024

ಅಡಿವೆಯ್ಯ ಅಣ್ಣಾವರಿಗೆ ದ್ರಾಕ್ಷಾಯಣಿಯ ಶರಣು.

ಅರವತ್ತೆರಡನೇ ಹೆಜ್ಜೆಯ ಕೆಳಗೆ ನೀವು ಬರೆದ ‘ಒಪ್ಪಿದೆ’ ಶನಿವಾರ ಕೈ ಸೇರಿತು. ಅದೇ ಕೊನೆಯದು. ಲಕೋಟೆ ಒಡೆದು ಅಡುಗೆಮನೆಯಲ್ಲೇ ಕೂತುಬಿಟ್ಟೆ. ಹಾಲು ಉಕ್ಕಿದ್ದು ಅತ್ತೆ ಬಂದು ಬೈದ ಮೇಲೆ ಗೊತ್ತಾಯಿತು.

ಹತ್ತು ವರ್ಷ, ಅಣ್ಣಾ. ನಾನು ಗಣಿತದ ಸಾಧನೆಯ ಒಂದು ಹೆಜ್ಜೆ ಬರೆದು ಅಂಚೆಗೆ ಹಾಕುವುದು, ನೀವು ಅದನ್ನು ಜಾಲಾಡಿ ಹಿಂಬದಿ ತುಂಬ ತಕರಾರು ಬರೆಯುವುದು, ಎಲ್ಲ ಸರಿಹೋದ ಮೇಲಷ್ಟೇ ಆ ಒಂದು ಪದ ಬರೆದು ಸಹಿ ಮಾಡಿ ತಿರುಗಿ ಕಳಿಸುವುದು. ಆ ಪದ ಬರುವ ತನಕ ನಾನು ಮುಂದೆ ಹೋಗುವ ಹಾಗಿಲ್ಲ. ಫೋನಿನಲ್ಲಿ ಫೋಟೊ ಕಳಿಸಿದರೆ ಜನ ನೋಡುತ್ತಾರೆ, ಓದುವುದಿಲ್ಲ ಎಂದು ಈ ಕಟ್ಟಳೆ ಹಾಕಿದವರು ನೀವೇ. ನನ್ನ ಪಿಎಚ್‌ಡಿ ಗೈಡ್ ಧಾರವಾಡದಲ್ಲಿ ವರ್ಷಕ್ಕೊಮ್ಮೆ ವರದಿಗೆ ಸಹಿ ಹಾಕುತ್ತಾರೆ. ನಿಜವಾಗಿ ಓದುವವರು ನೀವು, ದಾಂಡೇಲಿಯ ಕಾಗದ ಕಾರ್ಖಾನೆಯ ಲ್ಯಾಬಿನಲ್ಲಿ ಕಾಗದ ಹರಿದು ಗಟ್ಟಿತನ ನೋಡುವವರು. ಯಾರಿಗೆ ಹೇಳಿದರೂ ನಗುತ್ತಾರೆ.

ಅತ್ತೆ ನಿನ್ನೆ ಕೇಳಿದರು: “ಹತ್ತ ವರ್ಷ ಏನ್ ಬರದಿ? ನನಗೂ ತಿಳಿಯೂಹಂಗ ಹೇಳು ನೋಡೂಣು.” ಅತ್ತೆ ದುರ್ಗವ್ವನವರಿಗೆ ಆಪರೇಟರ್ ಬೀಜಗಣಿತ ತಿಳಿಸುವುದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಕಲಿಸಿದಷ್ಟು ಸುಲಭವಲ್ಲ. “ಇದೂ ಒಂದು ಮನಿ ಇದ್ದಂಗ ರೀ ಅತ್ತಿ. ಅದರ ಕಟ್ಟಳೆ ಒಂದೂ ಮುರೀದಂಗ ಇಡೀ ಮನಿ ತಿರುವಿ ಮತ್ತ ಹಂಗ ಕೂಡ್ರಸಬಹುದು. ಅಂಥಾ ತಿರುವು ಎಲ್ಲಾ ಮನಿಯೊಳಗಿನವರ ಕೈಲೇ ಆಗ್ತಾವೋ, ಹೊರಗಿನ ತಿರುವು ಅಂಬೂದೂ ಒಂದು ಐತೋ? ಐತಿ ಅಂತ ತೋರಿಸೇನಿ.” ಅವರು ಹೇಳಿದರು: “ಹೊರಗಿನವರು ಇದ್ದ ಇರ್ತಾರ. ಅದಕ್ಕ ಹತ್ತ ವರ್ಷ ಬೇಕಾತೇನು?”

ಡಿಸೆಂಬರ್ 31 ಕೊನೆಯ ದಿನ. ವಿಶ್ವವಿದ್ಯಾಲಯ ಎರಡು ಸಲ ಅವಧಿ ವಿಸ್ತರಿಸಿದೆ, ಮೂರನೆಯದು ಇಲ್ಲ. ಅವತ್ತಿನೊಳಗೆ ಪ್ರಬಂಧ ಕೊಡದಿದ್ದರೆ ನೋಂದಣಿಯೇ ರದ್ದು. ಹೆದರಿಕೆಯಿಲ್ಲ, ಈಗ ಬೆರಳಚ್ಚಿನ ಕೆಲಸವಷ್ಟೇ.

ಒಂದು ಸಹಾಯ ಬೇಕು. ಮೂವತ್ತೊಂದನೇ ಹೆಜ್ಜೆ, ಅದೇ ಷರತ್ತುಗಳನ್ನು ಸಾಲಾಗಿ ಪಾಳಿ ಹಚ್ಚುವ ಹೆಜ್ಜೆ, ನಾನು ಬರೆದದ್ದು ಆರೇ ಸಾಲು. 2019ರಲ್ಲಿ ನಮ್ಮ ಮನೆಯವರು, ಈರೇಶ, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಾಗ ಅವರ ಫೈಲು ಹಿಡಿದು ಪಾಳಿಯಲ್ಲಿ ನಿಂತಿದ್ದೆ, ಅಲ್ಲೇ ಹೊಳೆದದ್ದು. ಅವರು ತೀರಿಹೋದಾಗ ಮಣ್ಣಿಗೆಂದು ಅವರ ಊರು ಮಳಗಿಗೆ ಬಂದ ದಿನ ನೀವು ಅದನ್ನು ಒಪ್ಪಿ ಕೈಗೇ ಕೊಟ್ಟಿರಿ. ಹಿಂಬದಿಯಲ್ಲಿ ತಕರಾರೇ ಇಲ್ಲದ ಒಂದೇ ಹಾಳೆ ಅದು. ನಿಮಗೆ ಅಷ್ಟು ಸರಳವಾಗಿ ಕಂಡಿರಬೇಕು. ಪ್ರಬಂಧದಲ್ಲಿ ಅದನ್ನು ಬಿಡಿಸಿ ಬರೆಯಬೇಕಿದೆ. ನಿಮ್ಮ ರಫ್ ಹಾಳೆ ಇದ್ದರೆ ಕಳಿಸಿ.

ಮನೆಯಲ್ಲಿ ನೀಲಕ್ಕ ವೈನಿಗೆ ನೆನಪು ಹೇಳಿ.

ದ್ರಾಕ್ಷಾಯಣಿ


ಅಂಬೇವಾಡಿ, ದಾಂಡೇಲಿ
29 ಜೂನ್ 2024

ತಂಗಿ ದ್ರಾಕ್ಷಾಯಣಿ,

ಉತ್ತರ ತಡವಾಯಿತು. ಕಾರ್ಖಾನೆಯಲ್ಲಿ ಹೊಸ ಯಂತ್ರ ಬಂದಿದೆ. ಕಾಗದದ ಪಟ್ಟಿಯನ್ನು ಅದೇ ಎಳೆದು, ಹರಿದು, ಅಂಕಿ ಹೇಳುತ್ತದೆ. ನಾನು ಪಕ್ಕದಲ್ಲಿ ನಿಂತು ಬರೆದುಕೊಳ್ಳಬೇಕು. ನಿವೃತ್ತಿಗೆ ಒಂಬತ್ತು ತಿಂಗಳಿರುವವನಿಗೆ ಅಷ್ಟೇ ಕೆಲಸ ಸಾಕು.

ನಲವತ್ತನೇ ಹೆಜ್ಜೆಗೆ ಒಂದು ಅಡಿಟಿಪ್ಪಣಿ ಬೇಕು, ಬರೆದು ಇಟ್ಟಿದ್ದೇನೆ. ಐವತ್ತೆರಡರಲ್ಲಿ ಎರಡು ಚಿಹ್ನೆ ಅದಲುಬದಲಾಗಿವೆ, ಬೆರಳಚ್ಚು ಮಾಡುವಾಗ ನೋಡು. ಉಲ್ಲೇಖಗಳ ಪಟ್ಟಿಯನ್ನು ಅಕಾರಾದಿಯಲ್ಲೇ ಕೊಡು.

ಮೂವತ್ತೊಂದರ ರಫ್ ಹಾಳೆ ಹುಡುಕಿದೆ. ಟ್ರಂಕಿಗೆ ಗೆದ್ದಲು ಹತ್ತಿದೆ. ಅದನ್ನು ಬಹಳ ಬಿಡಿಸುವ ಅಗತ್ಯ ಕಾಣುವುದಿಲ್ಲ, ಹಾಗೇ ಇರಲಿ.

ಇನ್ನೊಂದು ವರ್ಷ ಅವಧಿ ಕೇಳಲು ನಿಜವಾಗಿಯೂ ಬರುವುದಿಲ್ಲವೇ? ಅವಸರದಲ್ಲಿ ಕೊಡುವುದು ಒಳ್ಳೆಯದಲ್ಲ.

ಅಡಿವೆಯ್ಯ


ಮುಂಡಗೋಡ
8 ಜುಲೈ 2024

ಅಣ್ಣಾವರೇ,

ಗೆದ್ದಲಿನ ಮಾತು ನಂಬಿದೆ. ‘ಹಾಗೇ ಇರಲಿ’ ಎಂದು ಬರೆದವರು ನೀವೇ ಎಂಬುದನ್ನು ನಂಬಲು ಅಕ್ಷರವನ್ನು ಎರಡು ಸಲ ನೋಡಬೇಕಾಯಿತು. ಏಳನೇ ಹೆಜ್ಜೆಯನ್ನು ಒಂಬತ್ತು ಸಲ ವಾಪಸು ಕಳಿಸಿದವರು ನೀವು. ಒಂದು ಸಲವಂತೂ “ಇದು ಸರಿ ಇರಬಹುದು, ಆದರೆ ನನಗೆ ಸರಿ ಎಂದು ಗೊತ್ತಿಲ್ಲ” ಎಂದು ಬರೆದಿದ್ದಿರಿ. ಅವತ್ತು ನಿಮ್ಮನ್ನು ಬಾಯ್ತುಂಬ ಬೈದಿದ್ದೆ, ಈರೇಶ ಸಾಕ್ಷಿ.

ಇನ್ನೊಂದು ವರ್ಷ ಸಿಗುವುದಿಲ್ಲ. ಕೇಳಿ ಆಯಿತು.

ಕಾಗದದಲ್ಲಿ ಬಗೆಹರಿಯದಿದ್ದರೆ ಎದುರು ಕೂತು ಬಗೆಹರಿಸೋಣ. ಆಗಸ್ಟ್ 11, ಭಾನುವಾರ, ಹಳಿಯಾಳದ ಬಸ್ ನಿಲ್ದಾಣ, ಬೆಳಿಗ್ಗೆ ಹನ್ನೊಂದು. ಇಬ್ಬರಿಗೂ ನಡುದಾರಿ. ಹೋಳಿಗೆ ತರುತ್ತೇನೆ.

ದ್ರಾಕ್ಷಾಯಣಿ


ಮುಂಡಗೋಡ
12 ಆಗಸ್ಟ್ 2024

ಅಣ್ಣಾವರೇ,

ಹನ್ನೊಂದರಿಂದ ಮೂರೂವರೆಯ ತನಕ ಕಾದೆ. ದಾಂಡೇಲಿಯಿಂದ ಎಂಟು ಬಸ್ಸು ಬಂದವು. ಗೋವಿನಜೋಳದ ತೆನೆ ಸುಡುತ್ತಿದ್ದ ಹೆಂಗಸು ಕೊನೆಗೆ ಕೇಳಿದಳು: “ಯಾರ ಹಾದಿ ಕಾಯಾಕತ್ತೀರಿ ಅಕ್ಕೋರ? ಅವರು ಬರೂಹಂಗಿದ್ದರ ಇಷ್ಟೊತ್ತಿಗೆ ಬರ್ತಿದ್ದರು ಬಿಡ್ರಿ.” ಹೋಳಿಗೆ ಅವಳಿಗೇ ಕೊಟ್ಟು ಬಂದೆ. ನಿಮ್ಮ ಫೋನ್ ಸಿಗಲೇ ಇಲ್ಲ.

ಬಸ್ಸಿನಲ್ಲಿ ಬರುವಾಗ ಎಲ್ಲ ತಿಳಿಯಿತು. ತಪ್ಪು ನನ್ನದೇ. ಹತ್ತು ವರ್ಷ ನಿಮ್ಮನ್ನು ದುಡಿಸಿಕೊಂಡೆ, ಪ್ರಬಂಧದ ಮೇಲೆ ಇರುವುದು ನನ್ನ ಹೆಸರೊಂದೇ. ನಿಮಗೆ ಬೇಸರವಾಗದೆ ಇರುತ್ತದೆಯೇ. ನಿಯಮದ ಪ್ರಕಾರ ಮುಖಪುಟದಲ್ಲಿ ಇಬ್ಬರ ಹೆಸರು ಹಾಕುವಂತಿಲ್ಲ. ಆದರೆ ಪತ್ರಿಕೆಗೆ ಕಳಿಸುವ ಲೇಖನದಲ್ಲಿ ಇಬ್ಬರದೂ ಇರುತ್ತದೆ. ನಿಮ್ಮದೇ ಮೊದಲು, ಅಕ್ಷರಮಾಲೆಯೂ ನಿಮ್ಮ ಕಡೆಗೇ ಇದೆ. ಇದನ್ನು ನಾನು ಎಂದೋ ಬರೆಯಬೇಕಿತ್ತು.

ಸಿಟ್ಟು ಇಳಿಸಿ. ಮೂವತ್ತೊಂದು ಕಳಿಸಿ.

ದ್ರಾಕ್ಷಾಯಣಿ


ಅಂಬೇವಾಡಿ
5 ಸೆಪ್ಟೆಂಬರ್ 2024

ತಂಗಿ,

ನನ್ನ ಹೆಸರನ್ನು ಎಲ್ಲಿಯೂ ಹಾಕಬೇಡ. ಮುಖಪುಟದಲ್ಲೂ ಬೇಡ, ಲೇಖನದಲ್ಲೂ ಬೇಡ, ಕೃತಜ್ಞತೆಯ ಪುಟದಲ್ಲೂ ಬೇಡ. ನನಗೆ ಸಿಟ್ಟಿಲ್ಲ. ನಿನ್ನ ಮೇಲೆ ಸಿಟ್ಟಾಗಲು ನನಗೆ ಯಾವ ಹಕ್ಕೂ ಇಲ್ಲ.

ಅವತ್ತು ಹಳಿಯಾಳಕ್ಕೆಂದೇ ಮನೆ ಬಿಟ್ಟಿದ್ದೆ. ನಿಲ್ದಾಣದಲ್ಲಿ ಎರಡು ಬಸ್ಸು ನಿಂತಿದ್ದವು. ಜೋಯಿಡಾದ ಬಸ್ಸು ಹತ್ತಿ ಕೂತೆ. ಅಲ್ಲಿ ನನ್ನ ಒಡಹುಟ್ಟಿದ ತಂಗಿ ಸುವರ್ಣಾಳ ಮನೆಯಲ್ಲಿ ಎರಡು ದಿನ ಇದ್ದೆ. ಅಲ್ಲಿ ಫೋನಿಗೆ ನೆಟ್‌ವರ್ಕ್ ಸಿಗುವುದಿಲ್ಲ, ಅದು ನನಗೆ ಬೇಕೂ ಆಗಿತ್ತು. ಯಾಕೆ ಎಂದು ಕೇಳಬೇಡ.

ಒಂದು ಮಾತು ನಡೆಸಿಕೊಡು. ಮೂವತ್ತೊಂದನ್ನು ನಿನ್ನ ಗೈಡ್‌ಗೆ ಒಯ್ದು ತೋರಿಸು. ಅದೊಂದನ್ನೇ. ನನ್ನ ತಪಾಸಣೆ ಅದಕ್ಕೆ ಸಾಲದು.

ಅಡಿವೆಯ್ಯ


ಮುಂಡಗೋಡ
21 ಅಕ್ಟೋಬರ್ 2024

ಅಣ್ಣಾವರೇ,

ನೀವು ಹೇಳಿದಂತೆ ಧಾರವಾಡಕ್ಕೆ ಹೋಗಿದ್ದೆ. ನಿಮ್ಮದು ಬರೀ ಸಂಕೋಚ ಎಂದುಕೊಂಡು, ನಿಮ್ಮ ಸಮಾಧಾನಕ್ಕೆ ಒಯ್ದೆ. ಗೈಡ್ ಆರು ಸಾಲನ್ನು ಅರ್ಧ ತಾಸು ನೋಡಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು: “ಒಬ್ಬೊಬ್ಬರ ಮುಂದ ಎಣಿಸಾಕ ಬರೂವಷ್ಟೇ ಮಂದಿ ಇರೂಹಂಗ ಪಾಳಿ ಹಚ್ಚೀರಿ. ಇಂಥಾ ಪಾಳಿ ಎಲ್ಲಾ ಕಡೆ ನಿಲ್ಲತೈತಿ ಅಂತ ಯಾರು ಹೇಳಿದರು ನಿಮಗ?”

‘ನಮ್ಮ ಅಣ್ಣಾವರು ಒಪ್ಯಾರ್ರಿ’ ಎಂದು ಬಾಯಿಗೆ ಬಂತು, ನುಂಗಿಕೊಂಡೆ.

ನೋಡಿ, ನಾವು ಹೊರಗಿನ ತಿರುವನ್ನು ಕಟ್ಟಿದ್ದು ಹೇಗೆ? ಸಂಖ್ಯಾರೇಖೆಯ ಮೇಲೆ ಎಷ್ಟು ಬಿಂದುಗಳೋ ಅಷ್ಟು ಷರತ್ತುಗಳನ್ನು ಪಾಳಿಯಲ್ಲಿ ನಿಲ್ಲಿಸಿ, ಒಂದೊಂದಾಗಿ ಕರೆದು ಪೂರೈಸಿದೆವು. ಪ್ರತಿಯೊಂದರ ಸರದಿ ಬಂದಾಗ ಅದಕ್ಕಿಂತ ಮೊದಲು ಮುಗಿದದ್ದು ಎಣಿಸಬಹುದಾದಷ್ಟೇ ಇರಬೇಕು, ಇಲ್ಲವಾದರೆ ಕಟ್ಟುವ ಕೆಲಸ ಅಲ್ಲೇ ನಿಲ್ಲುತ್ತದೆ. ಆದರೆ ಆ ಬಿಂದುಗಳ ಅನಂತ ಎಷ್ಟು ದೊಡ್ಡದೆಂದು ಗಣಸಿದ್ಧಾಂತದ ನಿಯಮಗಳು ಹೇಳುವುದೇ ಇಲ್ಲ. ಆ ನಿಯಮಗಳು ಒಂದು ಲೋಕವನ್ನಲ್ಲ, ಹಲವು ಲೋಕಗಳನ್ನು ಒಪ್ಪುತ್ತವೆ. ಒಂದು ಲೋಕದಲ್ಲಿ, ಅಂದರೆ ಒಂದು ಮಾದರಿಯಲ್ಲಿ, ಅದು ಎಣಿಕೆಯ ಅನಂತದ ಮುಂದಿನದೇ, ಅಲ್ಲಿ ನಮ್ಮ ಪಾಳಿ ನಿಲ್ಲುತ್ತದೆ. ಇನ್ನೊಂದು ಮಾದರಿಯಲ್ಲಿ ನಡುವೆ ಬೇರೆ ಅನಂತಗಳಿವೆ, ಅಲ್ಲಿ ಹೇಗೆ ನಿಲ್ಲಿಸಿದರೂ ಯಾರದೋ ಸರದಿ ಬರುವುದೇ ಇಲ್ಲ. ಪಾಳಿ ಇದೆ ಎಂದು ನಾನು ಬರೆದೆ. ಯಾವ ಲೋಕದಲ್ಲಿ ಎಂದು ಕೇಳಲಿಲ್ಲ. ಅವತ್ತು ಆಸ್ಪತ್ರೆಯಲ್ಲಿ ನನ್ನ ಕಣ್ಣ ಮುಂದೆ ಪಾಳಿ ಇತ್ತಲ್ಲ.

ಅಂಥ ಪಾಳಿ ಇದೆ ಎಂದು ಊಹಿಸಿಕೊಂಡೇ ಪ್ರಬಂಧ ಕೊಡಬಹುದೇ ಎಂದು ಕೇಳಿದೆ. “ಹಂಗ ಊಹಿಸಿದರ ಇದು ಹಳೇ ಮಾತವ್ವಾ. ಗೊತ್ತಿದ್ದ ಪ್ರಮೇಯದಿಂದ ಎರಡ ಸಾಲಿನಾಗ ಬರತೈತಿ,” ಎಂದರು. ಊಹೆಯಿಲ್ಲದೆ ಸಾಧಿಸಿದ್ದೇವೆ ಎಂಬುದೊಂದೇ ನಮ್ಮ ಹೆಚ್ಚುಗಾರಿಕೆಯಾಗಿತ್ತು. ಮೂವತ್ತೊಂದರ ಮೇಲೆ ನಿಂತ ಮೂವತ್ತೊಂದು ಹೆಜ್ಜೆಗಳೂ ಹೋದವು.

ನೀವು ಇದನ್ನು ಓದಿ ಊಟ ಬಿಟ್ಟು ಕೂರುತ್ತೀರಿ ಎಂದು ಗೊತ್ತು. ಕೂರಬೇಡಿ. ನಮ್ಮಿಬ್ಬರ ಕಣ್ಣೂ ತಪ್ಪಿತು, ನಿಮ್ಮೊಬ್ಬರದಲ್ಲ. ನಿಮ್ಮನ್ನು ನಾನು ಒಂದು ಮಾತೂ ಅನ್ನುವುದಿಲ್ಲ.

ಒಂದು ದಾರಿ ಉಳಿದಿದೆ. ಪಾಳಿ ನಿಲ್ಲದ ಮಾದರಿಯಲ್ಲಿ ಹೊರಗಿನ ತಿರುವು ಇಲ್ಲವೇ ಇಲ್ಲ ಎಂದು ತೋರಿಸಿದರೆ? ಆಗ ನಮ್ಮ ಪ್ರಶ್ನೆಗೆ ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ. ಅದೇ ಹೊಸ ಮಾತು. ಗೈಡ್ ಕೂಡ ತಲೆಯಾಡಿಸಿದರು. ಎಪ್ಪತ್ತು ದಿನ ಇವೆ. ಗಣಸಿದ್ಧಾಂತದಲ್ಲಿ ನೀವು ನನಗಿಂತ ಓದಿದವರು. ಏನು ತೋಚಿದರೂ ಕಳಿಸಿ, ಫೋಟೊ ಆದರೂ ಸರಿ. ಈ ಸಲ ಕಟ್ಟಳೆ ಬೇಡ.

ದ್ರಾಕ್ಷಾಯಣಿ


ಮುಂಡಗೋಡ
18 ನವೆಂಬರ್ 2024

ಅಣ್ಣಾವರೇ,

ಇನ್ನು ಏನೂ ಕಳಿಸಬೇಕಾಗಿಲ್ಲ. ಗೈಡ್ ಫೋನ್ ಮಾಡಿದ್ದರು. ಹೊರದೇಶದ ಇಬ್ಬರು ಕಳೆದ ವರ್ಷ ಅದನ್ನೇ ಪ್ರಕಟಿಸಿದ್ದಾರೆ. ನಮ್ಮದೇ ಬೀಜಗಣಿತ. ಒಂದು ಮಾದರಿಯಲ್ಲಿ ಹೊರಗಿನ ತಿರುವಿದೆ, ಇನ್ನೊಂದರಲ್ಲಿ ಇಲ್ಲ. ನಲವತ್ತು ಪುಟ. ಓದಿದೆ, ಚೆನ್ನಾಗಿದೆ. ನಾನು ಬರೆದಿದ್ದರೂ ಇಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲ ಎಂದು ಹೇಳಿಕೊಂಡು ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

ಮುನ್ನುಡಿಯಲ್ಲಿ ಒಂದು ಸಾಲಿದೆ. ಈ ಪ್ರಶ್ನೆಯನ್ನು ಅವರು 2021ರಲ್ಲಿ ಕೈಗೆತ್ತಿಕೊಂಡರಂತೆ. 2021ರಲ್ಲಿ ನಾನು ನಲವತ್ತನೇ ಹೆಜ್ಜೆಯಲ್ಲಿದ್ದೆ.

ನಿಮ್ಮಿಂದ ಒಂದು ಸಾಲೂ ಇಲ್ಲ. ಮೈಯಲ್ಲಿ ಹುಷಾರಿಲ್ಲವೇ? ನೀವು ನೊಂದುಕೊಂಡಿದ್ದೀರಿ ಎಂಬ ಚಿಂತೆ ನನಗೆ ಬೇರೆ.

ದ್ರಾಕ್ಷಾಯಣಿ


ಅಂಬೇವಾಡಿ
2 ಡಿಸೆಂಬರ್ 2024

ದ್ರಾಕ್ಷಾಯಣಿ,

ನಿನ್ನ ಹಿಂದಿನ ಕಾಗದವನ್ನು ನಾಲ್ಕು ದಿನ ಒಡೆಯಲಿಲ್ಲ. ನೀಲಕ್ಕ ಕೇಳಿದಳು: “ಆಕಿ ಕಾಗದ ಬಂದು ನಾಕ ದಿನಾ ಆತು. ತಗದು ಓದವಲ್ರಿ ಯಾಕ? ಏನ್ ಮಾಡೀರಿ ಆಕಿಗೆ?” ಮೂವತ್ತು ವರ್ಷ ಜೊತೆಗಿದ್ದವಳು, ಅವಳಿಗೆ ವಾಸನೆ ಹತ್ತಿದೆ.

ನನ್ನ ಕಣ್ಣು ತಪ್ಪಿರಲಿಲ್ಲ. ಮೂವತ್ತೊಂದನ್ನು ಓದಿದ ದಿನವೇ ಆ ಪಾಳಿಯ ಮೇಲೆ ಬೆರಳಿಟ್ಟಿದ್ದೆ. ತಕರಾರು ಬರೆದು ಲಕೋಟೆಗೆ ಹಾಕಿ, ಅಂಚೆಗೆ ಒಯ್ಯಲು ಹೊರಟಿದ್ದೆ. ಅಷ್ಟರಲ್ಲಿ ನಿನ್ನ ತಮ್ಮ ಸಚಿನ ಫೋನ್ ಮಾಡಿ ಈರೇಶ ಹೋದ ಸುದ್ದಿ ಹೇಳಿದ. ಅದೇ ಅಂಗಿಯಲ್ಲೇ ಮಳಗಿಗೆ ಬಂದೆ. ಹೆಂಗಸರ ನಡುವೆ ಗೋಡೆಗೆ ಒರಗಿ ಕೂತಿದ್ದೆ ನೀನು. ನನ್ನನ್ನು ಕಂಡು ಅಳಲಿಲ್ಲ. “ಅಣ್ಣಾ, ಮೂವತ್ತೊಂದು ನೋಡಿದಿರೇನ್ರಿ?” ಎಂದು ಕೇಳಿದೆ. ತಕರಾರು ನನ್ನ ಜೇಬಿನಲ್ಲಿತ್ತು. ಬರೀ ನಿನ್ನ ಹಾಳೆಯನ್ನು ಹೊರಗೆ ತೆಗೆದು, ಮೊಣಕಾಲ ಮೇಲಿಟ್ಟುಕೊಂಡು ‘ಒಪ್ಪಿದೆ’ ಎಂದು ಬರೆದುಕೊಟ್ಟೆ.

1990ರಲ್ಲಿ ನಾನೂ ಧಾರವಾಡದಲ್ಲಿ ಪಿಎಚ್‌ಡಿಗೆ ಸೇರಿದ್ದೆ. ಇದನ್ನು ನಿನಗೆ ಹೇಳಿಲ್ಲ. ಎರಡು ವರ್ಷದ ಬರವಣಿಗೆ ಒಯ್ದು ಕೊಟ್ಟಾಗ ನನ್ನ ಗೈಡ್ ಎಲ್ಲರೆದುರು ಒಂಬತ್ತನೇ ಪುಟದ ಮೇಲೆ ಕೆಂಪು ಗೆರೆ ಎಳೆದು “ಇಲ್ಲಿಂದ ಮುಂದ ಓದಾಂಗಿಲ್ಲ” ಎಂದರು. ಅವರು ಹೇಳಿದ್ದು ಸರಿಯಿತ್ತು. ಹಾಳೆಗಳನ್ನು ಅಲ್ಲೇ ಬಿಟ್ಟು ದಾಂಡೇಲಿಗೆ ಬಂದು ಕಾರ್ಖಾನೆ ಸೇರಿದೆ. ಲ್ಯಾಬಿನಲ್ಲಿ ಎಷ್ಟು ರೋಲು ಬೇಕಾದರೂ ರಿಜೆಕ್ಟ್ ಮಾಡುತ್ತೇನೆ. ಆ ದಿನ ನಿನ್ನ ಹಾಳೆಯ ಮೇಲೆ ಗೆರೆ ಎಳೆಯಲು ಆಗಲಿಲ್ಲ.

ಒಂದು ತಿಂಗಳು ಕಳೆಯಲಿ, ಆಮೇಲೆ ಹೇಳೋಣ ಎಂದುಕೊಂಡೆ. ನೀನು ಮೂವತ್ತೆರಡು ಕಳಿಸಿದೆ, ಮೂವತ್ತಮೂರು ಕಳಿಸಿದೆ. ಬದುಕಿಕೊಂಡಳು ಎಂದು ಸಂತೋಷಪಟ್ಟೆ. ನಲವತ್ತಾದ ಮೇಲೆ ಹೇಳುವ ಧೈರ್ಯ ಉಳಿಯಲಿಲ್ಲ. ಮುಂದಿನ ಪ್ರತಿ ಹೆಜ್ಜೆಯನ್ನೂ ಮೊದಲಿಗಿಂತ ಬಿಗಿಯಾಗಿ ನೋಡಿದೆ, ಅದರಿಂದ ಇದು ಸರಿಹೋಗುತ್ತದೆಯೋ ಎಂಬಂತೆ. ಗೆದ್ದಲು ಸುಳ್ಳು.

ಅವತ್ತಿನ ಕಾಗದ ಐದು ವರ್ಷದಿಂದ ನನ್ನ ಹತ್ತಿರವೇ ಇದೆ. ಇದರೊಂದಿಗೆ ಕಳಿಸಿದ್ದೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ.

ಅಡಿವೆಯ್ಯ


(ಅದೇ ಲಕೋಟೆಯಲ್ಲಿ)

ಅಂಬೇವಾಡಿ
15 ನವೆಂಬರ್ 2019

ತಂಗಿ ದ್ರಾಕ್ಷಾಯಣಿ,

ಮೂವತ್ತೊಂದು ಒಪ್ಪಿಲ್ಲ. ಬೈಯುವ ಮೊದಲು ಪೂರ್ತಿ ಓದು.

ಪ್ರತಿಯೊಂದರ ಮುಂದೆ ಎಣಿಸಬಹುದಾದಷ್ಟೇ ಇರುವ ಪಾಳಿ ಎಲ್ಲ ಮಾದರಿಗಳಲ್ಲೂ ಸಿಗುವುದಿಲ್ಲ. ಎಣಿಕೆಯ ಅನಂತಕ್ಕೂ ಸಂಖ್ಯಾರೇಖೆಯ ಅನಂತಕ್ಕೂ ನಡುವೆ ಬೇರೊಂದಿಲ್ಲ ಎಂಬ ಕಂಟಿನ್ಯೂಮ್ ಊಹೆಯನ್ನು ನೀನು ನಿನಗೆ ಗೊತ್ತಿಲ್ಲದೆ ಒಳಗೆ ಕರೆದುಕೊಂಡಿದ್ದೀಯ. ಆ ಊಹೆ ನಿಜವೆಂದೂ ಸುಳ್ಳೆಂದೂ ನಮ್ಮ ನಿಯಮಗಳಿಂದ ತೋರಿಸಲು ಬರುವುದಿಲ್ಲ.

ಆದರೆ ಇದು ಕೆಟ್ಟ ಸುದ್ದಿಯೆಂದು ನನಗೆ ಅನ್ನಿಸುತ್ತಿಲ್ಲ. ಆ ಪಾಳಿ ನಿಲ್ಲದ ಮಾದರಿಯಲ್ಲಿ ಹೊರಗಿನ ತಿರುವು ಇರಲಿಕ್ಕಿಲ್ಲ. ಹಾಗಿದ್ದರೆ ನಾವು ಕೇಳುತ್ತಿದ್ದ ಪ್ರಶ್ನೆಯೇ ಬೇರೆ. ‘ಇದೆಯೇ’ ಎಂದು ಕೇಳುವುದನ್ನು ಬಿಟ್ಟು ‘ಯಾವ ಲೋಕದಲ್ಲಿ ಇದೆ’ ಎಂದು ಕೇಳಬೇಕು. ನಾನು ಹುಡುಕಿದ ಮಟ್ಟಿಗೆ ಇದನ್ನು ಇನ್ನೂ ಯಾರೂ ಕೇಳಿದ ಹಾಗೆ ಕಾಣುವುದಿಲ್ಲ. ಎರಡು ರಾತ್ರಿಯಿಂದ ನನಗೆ ನಿದ್ದೆಯಿಲ್ಲ. ಮೂವತ್ತು ವರ್ಷದಲ್ಲಿ ಇಷ್ಟು ಸಂತೋಷ ಆಗಿರಲಿಲ್ಲ. ಹೇಗೆ ಶುರುಮಾಡಬಹುದೆಂದು ಹಿಂಬದಿಯಲ್ಲಿ ಬರೆದಿದ್ದೇನೆ. ಅವಧಿ ವಿಸ್ತರಣೆ ಸೇರಿದರೆ ನಮ್ಮ ಕೈಯಲ್ಲಿ ಐದು ವರ್ಷ ಇವೆ, ಸಾಕು.

ಅವಸರವಿಲ್ಲ. ಈರೇಶ ಮನೆಗೆ ಬಂದ ಮೇಲೆ ನಿಧಾನವಾಗಿ ನೋಡು. ಕೆಳಗೆ ಜಾಗ ಬಿಟ್ಟಿದ್ದೇನೆ. ಈ ಸಲ ಒಪ್ಪಬೇಕಾದವಳು ನೀನು.

ಅಡಿವೆಯ್ಯ


ಮುಂಡಗೋಡ
1 ಜನವರಿ 2025

ಅಡಿವೆಯ್ಯನವರಿಗೆ,

ನಿನ್ನೆ ಸಂಜೆ ಐದಕ್ಕೆ ಅವಧಿ ಮುಗಿಯಿತು. ಪ್ರಬಂಧ ಕೊಡಲಿಲ್ಲ. ಅತ್ತೆ ಕೇಳಿದರು: “ಆ ಹೊರಗಿನದು ಕಡಿಕೂ ಐತೋ ಇಲ್ಲೋ? ಒಂದ ಮಾತು ಹೇಳು.” ಹಾಗೆ ಒಂದು ಮಾತಿನಲ್ಲಿ ಹೇಳಲು ಬರುವುದಿಲ್ಲ ಎಂದೆ. ಅವರು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

ನಿಮಗೆ ಒಂದು ಗೊತ್ತಿರಲಿ. ಈರೇಶ ಹೋಗುವ ಮುಂಚಿನ ವಾರವೆಲ್ಲ ನನಗೆ ಎಲ್ಲರೂ ಸುಳ್ಳು ಹೇಳಿದರು. ಡಾಕ್ಟರು “ಏನೂ ಆಗೂದಿಲ್ಲ, ಸೋಮವಾರ ಮನಿಗೆ ಕರಕೊಂಡ ಹೋಗ್ರಿ” ಎಂದರು. ಸಚಿನ ರಿಪೋರ್ಟು ಮುಚ್ಚಿಟ್ಟು ನಕ್ಕ. ಈರೇಶ ಕೂಡ “ಅರಾಮ ಅದೇನಿ” ಎಂದೇ ಹೇಳುತ್ತಿದ್ದರು. ಎಲ್ಲರೂ ನನ್ನ ಮೇಲಿನ ಕರುಣೆಯಿಂದಲೇ ಹೇಳಿದ್ದು. ಅದರಿಂದಾಗಿ ಅವರಿಗೆ ಹೇಳಬೇಕಾದ ಮಾತು ಒಂದನ್ನೂ ನಾನು ಹೇಳಲಿಲ್ಲ, ಇನ್ನೂ ದಿನಗಳಿವೆ ಎಂದುಕೊಂಡಿದ್ದೆ. ಮಣ್ಣಿನ ದಿನ ಆ ಮನೆಯಲ್ಲಿ ಯಾರ ಮಾತನ್ನೂ ನಂಬುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆಗ ನೀವು ಬಾಗಿಲಲ್ಲಿ ಕಂಡಿರಿ. ಈ ಮನುಷ್ಯ ಒಂಬತ್ತು ಸಲ ಇಲ್ಲ ಎಂದವರು, ಇವರು ಕರುಣೆಯಿಂದ ಏನನ್ನೂ ಹೇಳುವವರಲ್ಲ ಎಂದುಕೊಂಡೆ. ಅದಕ್ಕೇ ಅವತ್ತು, ಅಲ್ಲಿ, ಅದನ್ನೇ ಕೇಳಿದ್ದು. ಒಂದು ನಿಜವಾದ ಮಾತು ಕೇಳಬೇಕಿತ್ತು. ಇಲ್ಲ ಎಂದಿದ್ದರೂ ನಡೆಯುತ್ತಿತ್ತು.

ನೀವು ಅವತ್ತು ಒಪ್ಪಿಕೊಟ್ಟ ಮೂವತ್ತೊಂದರ ಹಾಳೆಯನ್ನು ಐದು ವರ್ಷ ಈರೇಶರ ಫೋಟೊದ ಹಿಂದೆ ಇಟ್ಟಿದ್ದೆ. ಈಗ ತೆಗೆದು ಇದರೊಂದಿಗೆ ಕಳಿಸಿದ್ದೇನೆ, ಅದು ನಿಮ್ಮದು. ಉಳಿದ ಅರವತ್ತೊಂದು ಹಾಳೆಗಳಲ್ಲಿ ಯಾವುದನ್ನು ಓದಿ ಒಪ್ಪಿದಿರಿ, ಯಾವುದನ್ನು ನನ್ನ ಮುಖ ನೋಡಿ ಒಪ್ಪಿದಿರಿ ಎಂದು ತಿಳಿಯುವ ದಾರಿ ನನಗಿಲ್ಲ. ನೀವು ಹೇಳಿದರೂ ತಿಳಿಯುವುದಿಲ್ಲ. ಹಾಗಾಗಿ ಬರೆಯಬೇಡಿ.

2019ರ ನಿಮ್ಮ ಕಾಗದವನ್ನು ಕಟ್ಟಳೆಯ ಪ್ರಕಾರ ತಪಾಸಣೆ ಮಾಡಿದೆ. ಮೂರು ದಿನ ಹಿಡಿಯಿತು. ಹಿಂಬದಿಯಲ್ಲಿ ಬರೆದದ್ದೂ ಸೇರಿ ಎಲ್ಲಿಯೂ ತಪ್ಪಿಲ್ಲ. ನೀವು ಜಾಗ ಬಿಟ್ಟ ಕಡೆ ಬರೆದು, ಸಹಿ ಮಾಡಿ, ತಿರುಗಿ ಕಳಿಸಿದ್ದೇನೆ.

ಒಪ್ಪಿದೆ.

ದ್ರಾಕ್ಷಾಯಣಿ